ನೀಲಿ ಯಾವುದು

ಬೆಳಿಗ್ಗೆ ಬೇಸಿನ್ನಿನಲ್ಲಿ ಕಂಡದ್ದು ತುಕ್ಕೋ ರಕ್ತವೋ ಎಂಬುದು ಅಂಗಡಿಗೆ ಬಂದು ಮೊದಲ ಬಣ್ಣದ ಡಬ್ಬಿಯ ಮುಚ್ಚಳ ಮೀಟಿದಾಗಲೂ ಅವನಿಗೆ ಬಗೆಹರಿದಿರಲಿಲ್ಲ. ಹೆಂಡತಿ ಹಲ್ಲುಜ್ಜಿ ಹೋದ ಮೇಲೆ ಮುಖ ತೊಳೆಯಲು ಬಗ್ಗಿದ್ದ; ನೀರು ಇಳಿಯುವ ತೂತಿನ ಪಕ್ಕ ದಾರದಷ್ಟು ಸಣ್ಣ ಒಂದು ಎಳೆ ಅಂಟಿಕೊಂಡಿತ್ತು. ಆ ನಲ್ಲಿ ಮೊದಲೇ ತುಕ್ಕು ಕಾರುವ ನಲ್ಲಿ. ಬೇರೆ ಯಾರಾಗಿದ್ದರೂ ಒಂದು ಸಲ ನೋಡಿ ಇದು ಇಂಥದ್ದು ಎಂದುಬಿಡುತ್ತಿದ್ದರು. ಅವನು ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ, ದೀಪ ಹಾಕಿ ನೋಡಿದ; ಕಂಡದ್ದು ಬರೀ ಕಂದು. ಈಚೆಗೆ ಪ್ರಪಂಚವೆಲ್ಲ ಅವನಿಗೆ ಹಳೆಯ ಪೇಪರಿನ ಹಾಗೆ ಹಳದಿ ಹಿಡಿದೇ ಕಾಣುವುದು. ಕೊನೆಗೆ ನಲ್ಲಿ ತಿರುಗಿಸಿ ಆ ಎಳೆಯನ್ನು ತೊಳೆದುಬಿಟ್ಟ. ಯಾಕೆ ತೊಳೆದೆ? ಕರೆದು ಕೇಳಬಹುದಿತ್ತಲ್ಲ, ಲೇ, ಹಲ್ಲಲ್ಲಿ ರಕ್ತ ಬಂತಾ ಅಂತ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಕೂಗಿದವರೂ ಯಾರಿಲ್ಲ, ಆದರೂ ಇವನ ಕೈ ತಿಂಗಳಿಂದ ಹೆಗಲ ಮೇಲೆಯೇ ಇತ್ತು.

ಅದು ಅಷ್ಟಕ್ಕೇ ಮುಗಿದಿದ್ದರೆ ಸರಿ. ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಅಡುಗೆಮನೆಯಲ್ಲಿ ಠಪ್ ಎಂದು ಸದ್ದಾಯಿತು. ಸಿಂಕಿನ ಕೆಳಗಿನಿಂದ ಬಕೆಟ್ಟು ಎಳೆದುಕೊಂಡು ಏಳುವಾಗ, ತೆರೆದಿದ್ದ ಕಪಾಟಿನ ಬಾಗಿಲಿನ ಮೂಲೆ ಅವಳ ನೆತ್ತಿಗೆ ಬಡಿದಿತ್ತು. ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ನಗುತ್ತಿದ್ದಳು. ಈ ಬಾಗಿಲಿಗೂ ತನಗೂ ಹಿಂದಿನ ಜನ್ಮದ ದ್ವೇಷ ಎಂದಳು. ಏನೂ ಆಗಿಲ್ಲ, ಹೊರಡಿ, ನಿಮ್ಮ ಯಜಮಾನರು ಕಾಯ್ತಿರ್ತಾರೆ ಎಂದಳು. ಅವಳ ಎದೆಯೊಳಗೆ ಲೋಹದ ಕವಾಟ ಕೂರಿಸಿದ ಹೃದಯದ ಡಾಕ್ಟರು ಅವತ್ತೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೇ ಜೀವಮಾನವಿಡೀ ರಕ್ತ ತೆಳುವಾಗಿಸುವ ಮಾತ್ರೆ, ಆದರೆ ಮಾತ್ರೆ ಹೆಚ್ಚಾದರೆ ಒಳಗೇ ಸೋರಬಹುದು, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಮನೆಯಲ್ಲಿ ಕೂರಬೇಡಿ, ಬನ್ನಿ. ಅವನಿಗೆ ಆ ಮಾತು ಬಾಯಿಪಾಠವಾಗಿತ್ತು. ಬಾಯಿಪಾಠವಾಗಿದ್ದೂ ಅವನು, ನೋಡ್ಕೋ ಹಂಗಾದ್ರೆ, ಎಂದಷ್ಟೇ ಹೇಳಿ ಮೆಟ್ಟಿಲು ಇಳಿದಿದ್ದ. ಬೀದಿಗೆ ಬಂದು ಬಿಸಿಲು ಮುಖಕ್ಕೆ ಬಿದ್ದಾಗ ತಪ್ಪಿಸಿಕೊಂಡು ಬಂದವನ ಹಾಗೆ ಉಸಿರು ಬಿಟ್ಟದ್ದು ನೆನಪಾಗಿ, ಈಗ ಕಲಸುವ ಕೋಲು ಹಿಡಿದ ಕೈ ನಿಂತುಹೋಯಿತು.

ಅಂಗಡಿಯಲ್ಲಿ ಅವನನ್ನು ಎಲ್ಲರೂ ಬಣ್ಣದ ಮಾಸ್ತರು ಎಂದೇ ಕರೆಯುವುದು. ಗಿರಾಕಿ ಒಂದು ಚೂರು ಬಟ್ಟೆ ತರಲಿ, ಒಡೆದ ಬಟ್ಟಲು ತರಲಿ, ಒಣಗಿದ ಎಲೆಯನ್ನೇ ತರಲಿ, ಒಂದು ಸಲ ಬೆಳಕಿಗೆ ಹಿಡಿದು, ಬಿಳಿಗೆ ಇಷ್ಟು ತೊಟ್ಟು ಇದು, ಇಷ್ಟು ತೊಟ್ಟು ಅದು ಎಂದು ಹೇಳಿ ಕಲಸಿಕೊಡುತ್ತಿದ್ದ. ಬಣ್ಣ ಅಳೆಯುವ ಯಂತ್ರ ಬಂದಾಗ ಯಜಮಾನ ಅದನ್ನು ಕೌಂಟರಿನ ತುದಿಗೆ ಇಟ್ಟು, ಇದು ನೀವು ರಜೆ ಹಾಕಿದ ದಿನಕ್ಕೆ ಮಾಸ್ತರೇ, ಎಂದು ನಕ್ಕಿದ್ದ. ಈಗ ಕೆಲವು ತಿಂಗಳಿಂದ ಮಾಸ್ತರು ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಅದೇ ಯಂತ್ರದ ಕಣ್ಣಿನ ಕೆಳಗೆ ಗಿರಾಕಿಯ ಬಟ್ಟೆಚೂರು ಇಟ್ಟು ಅದು ಹೇಳಿದ್ದನ್ನು ಕದ್ದು ನೋಡಿಕೊಳ್ಳುತ್ತಿದ್ದ. ಕಳೆದ ವಾರ ಅದಕ್ಕೂ ಸಮಯ ಸಿಗಲಿಲ್ಲ. ಮಗುವಿನ ಕೋಣೆಗೆ ತಿಳಿನೀಲಿ ಬೇಕೆಂದು ಒಯ್ದ ಹೆಂಗಸು ಮರುದಿನ ಡಬ್ಬಿ ವಾಪಸು ತಂದು, ಇದು ನೀಲಿನಾ, ಪಾಚಿ ಕಟ್ಟಿದ ಹಂಗಿದೆಯಲ್ಲ, ಎಂದು ನಾಲ್ಕು ಜನರೆದುರು ಮುಚ್ಚಳ ತೆಗೆದು ತೋರಿಸಿದಳು. ಒಣಗಿದ ಮೇಲೆ ನೋಡಿ ಅಮ್ಮ, ನೀಲಿ ಆಗುತ್ತೆ ಎಂದ ಅವನು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮಾತು. ಯಜಮಾನ ಏನಾದರೂ ಬೈದಿದ್ದರೆ ಚೆನ್ನಾಗಿತ್ತು. ಅವನು ಬೇರೆ ಡಬ್ಬಿ ತೆಗೆದು, ಯಂತ್ರದಲ್ಲಿ ಕಲಸಿ, ಹೆಂಗಸಿಗೆ ಕೊಟ್ಟು, ಮಾಸ್ತರ ಬೆನ್ನನ್ನು ಒಮ್ಮೆ ಮೆಲ್ಲಗೆ ತಟ್ಟಿ ಹೋದ. ಆ ತಟ್ಟಿದ ಜಾಗ ಇನ್ನೂ ಉರಿಯುತ್ತಿತ್ತು. ಕಣ್ಣು ತೋರಿಸಿಕೊಳ್ಳಿ ಅಂತ ಯಾರಾದರೂ ಹೇಳಿಬಿಟ್ಟರೆ? ಕಣ್ಣು ಹೋದ ಬಣ್ಣದ ಮಾಸ್ತರು ಅಂದರೆ ಏನು, ಹಲ್ಲಿಲ್ಲದ ಗರಗಸ.

ಆದರೆ ಗೋಡೆ ಪಾಚಿಬಣ್ಣವಾದರೆ ಯಾರೂ ಸಾಯುವುದಿಲ್ಲ. ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಮನೆಯ ಕಪಾಟಿನಲ್ಲಿದ್ದ ಎರಡು ಗಾಜಿನ ಸೀಸೆ. ಹೆಂಡತಿಯ ಮಾತ್ರೆ ಎರಡು ತರದ್ದು: ಹಸಿರು ಸಣ್ಣ ಶಕ್ತಿಯದು, ನೀಲಿ ದೊಡ್ಡ ಶಕ್ತಿಯದು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಯಾವ ದಿನ ಹಸಿರು, ಯಾವ ದಿನ ನೀಲಿ ಎಂದು ಹೇಳುತ್ತಾರೆ; ಈಗಿನ ಲೆಕ್ಕದಲ್ಲಿ ಭಾನುವಾರ ಮಾತ್ರ ನೀಲಿ, ಮಿಕ್ಕ ದಿನವೆಲ್ಲ ಹಸಿರು. ವಾರದ ಮಾತ್ರೆಯನ್ನು ಏಳು ಗೂಡಿನ ಡಬ್ಬಿಗೆ ತುಂಬುವ ಕೆಲಸ ಮೊದಲಿನಿಂದಲೂ ಅವನದು. ಅಂಗಡಿಯಲ್ಲಿ ಬಣ್ಣದ ಪುಡಿ ಬಂದರೆ ಅವನು ಮಾಡುವ ಮೊದಲ ಕೆಲಸ ಕಂಪನಿಯ ಡಬ್ಬಿ ಎಸೆದು ಪುಡಿಯನ್ನು ಗಾಜಿನ ಸೀಸೆಗೆ ಸುರಿಯುವುದು. ಚೀಟಿ ಸುಳ್ಳು ಹೇಳುತ್ತೆ, ಬಣ್ಣ ಸುಳ್ಳು ಹೇಳಲ್ಲ ಎನ್ನುವುದು ಅವನ ಮಂತ್ರ. ಅದೇ ಚಟದಲ್ಲಿ ಮಾತ್ರೆಯ ಡಬ್ಬಿಗಳನ್ನೂ ಎಸೆದು, ಹಸಿರಿಗೊಂದು ನೀಲಿಗೊಂದು ಸೀಸೆ ಮಾಡಿಟ್ಟಿದ್ದ, ಚೀಟಿ ಅಂಟಿಸಿರಲಿಲ್ಲ. ಬಣ್ಣದ ಮಾಸ್ತರ ಮನೆಯಲ್ಲಿ ಚೀಟಿ ಯಾಕೆ? ಒಂದು ಭಾನುವಾರ ತುಂಬಿ ಮುಗಿಸಿ, ಉಳಿದ ಮಾತ್ರೆಯನ್ನು ವಾಪಸು ಸುರಿಯುವಾಗ ಅವನ ಕೈ ಎರಡು ಸೀಸೆಗಳ ನಡುವೆ ನಿಂತುಬಿಟ್ಟಿತು. ಕಿಟಕಿಗೆ ಹಿಡಿದ. ಎರಡೂ ಒಂದೇ ಮಸಕು ಬೂದಿ. ಮಾತ್ರೆಯ ಮೇಲೆ ಕೊರೆದ ಅಂಕಿ ಇರುವೆ ಕಾಲಿನಷ್ಟಿತ್ತು. ಬಲಗಡೆಯದು ನೀಲಿ ಇರಬೇಕು ಎಂದುಕೊಂಡು ಸುರಿದ. ಇರಬೇಕು, ಎಂದುಕೊಂಡು. ಆಮೇಲಿನ ಪ್ರತಿ ಭಾನುವಾರವೂ ಹಾಗೆಯೇ, ಇರಬೇಕು, ಎಂದುಕೊಂಡೇ ತುಂಬಿದ್ದ. ಹೋದ ವಾರ ಅವಳ ತೋಳಿನ ಮೇಲೆ ಅಂಗೈಯಗಲ ಕಪ್ಪು ಕಲೆ ಕಂಡಾಗ, ಹೊಲಿಗೆ ಮಿಷನ್ನಿಗೆ ತಾಗಿರಬೇಕು ಎಂದು ಅವಳೂ ಒಂದು ‘ಇರಬೇಕು’ ಹೇಳಿದ್ದಳು. ಇಬ್ಬರ ಸಂಸಾರವೂ ಈಗ ‘ಇರಬೇಕು’ ಮೇಲೆಯೇ ನಿಂತಿತ್ತು.

ಫೋನು ಬಂದದ್ದು ಆಗ. ಕೆಳಮನೆಯಲ್ಲಿದ್ದ ನಾದಿನಿ. ಅಕ್ಕನಿಗೆ ತಲೆ ನೋವು, ಒಂದು ಸಲ ವಾಂತಿ ಬಂದಂತೆಯೂ ಆಯಿತು, ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ, ನೀವು ನೇರ ಅಲ್ಲಿಗೇ ಬನ್ನಿ ಎಂದಳು. ನೇರ ಅಲ್ಲಿಗೆ ಹೋಗಬೇಕಾದವನು ಮೊದಲು ಮನೆಗೆ ಓಡಿದ. ಕಪಾಟು ತೆಗೆದು ಎರಡು ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡ. ಯಾಕೆ ಎಂದು ಅವನಿಗೂ ಸ್ಪಷ್ಟವಿರಲಿಲ್ಲ. ಡಾಕ್ಟರಿಗೆ ತೋರಿಸಲೋ, ನಾದಿನಿಯ ಕಣ್ಣಿಗೆ ಬೀಳದಂತೆ ಬಚ್ಚಿಡಲೋ? ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಾಗ ಪ್ರತಿ ಹಳ್ಳಕ್ಕೂ ಸೀಸೆಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತಿದ್ದವು, ಅವಳ ಎದೆಯ ಕವಾಟದ ಹಾಗೆ. ರಾತ್ರಿ ಅವಳ ಪಕ್ಕ ಮಲಗಿದರೆ ಆ ಸದ್ದು ಕೇಳುವುದು. ಹೊಸದರಲ್ಲಿ ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಇನ್ನು ಗಡಿಯಾರಕ್ಕೆ ದುಡ್ಡು ಹಾಕಬೇಡಿ, ಮನೆಗೊಂದು ಸಾಕು ಎಂದು ಅವಳು ಕತ್ತಲಲ್ಲಿ ನಕ್ಕಿದ್ದಳು. ಈಗ ಆ ಸದ್ದು ಕೇಳದಿದ್ದರೇ ನಿದ್ದೆ ಬರುವುದಿಲ್ಲ. ದೇವರೇ, ಅವಳಿಗೇನೂ ಆಗದಿರಲಿ, ನಾನು ಕುರುಡನಾದರೂ ಆಗಲಿ ಎಂದುಕೊಂಡ. ಕುರುಡಾಗುತ್ತಿರುವವನ ಈ ಹರಕೆಗೆ ದೇವರಾದರೂ ಏನು ಬೆಲೆ ಕಟ್ಟಬೇಕು ಎಂದು ಮರುಗಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಸ್ಪತ್ರೆಯಲ್ಲಿ ಅವಳು ಗಾಲಿಮಂಚದ ಮೇಲೆ ಎದ್ದು ಕೂತೇ ಇದ್ದಳು. ನಾದಿನಿ ಚೀಟಿ ಮಾಡಿಸಲು ಹೋಗಿದ್ದಳು. ಅವನನ್ನು ಕಂಡು, ಅಂಗಡಿ ಅಂಗಿಯಲ್ಲೇ ಬಂದಿದ್ದೀರಲ್ಲ, ಗೋಡೆ ಬಳಿಯೋಕೆ ಬಂದೋರು ಅಂದ್ಕೋತಾರೆ ಎಂದಳು. ನಗುವಾಗ ಹುಬ್ಬು ಗಂಟಾಯಿತು, ನೋವಿತ್ತು. ಪಾಳಿಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನಿದ್ದೆಗೆಟ್ಟ ಮುಖ, ಆದರೆ ಮಾತು ಸ್ಪಷ್ಟ. ರಕ್ತ ತೆಳುವಾಗಿಸುವ ಮಾತ್ರೆ ಸರಿಯಾಗಿ ತಗೋತಿದ್ದಾರಾ, ಡೋಸು ಏನಾದರೂ ಹೆಚ್ಚುಕಡಿಮೆ ಆಗಿದೆಯಾ ಎಂದು ಕೇಳಿದಳು. ಹೆಂಡತಿ ಅವನ ಕಡೆ ನೋಡಿದಳು, ಅಭಿಮಾನದಿಂದ. ಅದೆಲ್ಲ ಇವರದೇ ಡಿಪಾರ್ಟ್‌ಮೆಂಟು, ಒಂದು ದಿನ ತಪ್ಪಿಸಿದವರಲ್ಲ ಎಂದಳು. ಅವನ ಬಾಯಿಗೆ ಮಾತು ಬಂದಿತ್ತು. ಬಂದದ್ದು ತಿರುಗಿ, ಡಾಕ್ಟರು ಹೇಳಿದ ಹಾಗೇ ತುಂಬಿದ್ದೀನಿ ಎಂದಾಗಿ ಹೊರಬಿತ್ತು. ಹಾಗಿದ್ದರೆ ಒಳ್ಳೆಯದು, ಕಳೆದ ಪರೀಕ್ಷೆಯೂ ಸರಿಯಿದೆ, ರಕ್ತ ತೆಗೀತೀವಿ, ಸ್ಕ್ಯಾನಿಗೆ ಮುಂದೆ ಒಂದಿಬ್ಬರಿದ್ದಾರೆ, ಅವರದಾದ ಮೇಲೆ ಇವರದು ಎಂದು ಡಾಕ್ಟರು ಪಕ್ಕದ ಪರದೆಯ ಹಿಂದೆ ಹೋದಳು.

ಅವನು ಹೊರಗಿನ ಬೆಂಚಿನ ಮೇಲೆ ಕೂತ. ಎದುರು ಗೋಡೆಗೆ ಯಾವನೋ ಅರೆಮನಸ್ಸಿನಿಂದ ಬಳಿದ ಬಣ್ಣ. ಬ್ರಷ್ಷಿನ ಗೆರೆ ಕಾಣುತ್ತಿತ್ತು, ಬಣ್ಣ ಯಾವುದೆಂದು ಕಾಣುತ್ತಿರಲಿಲ್ಲ. ಸರದಿಯಲ್ಲಿ ಒಂದಿಬ್ಬರು. ಅಷ್ಟರಲ್ಲಿ ಅವಳ ತಲೆಯೊಳಗೆ ಒಂದು ಎಳೆ, ದಾರದಷ್ಟು ಸಣ್ಣದು, ಇಳಿಯುತ್ತಾ ಇದ್ದರೆ? ಅದನ್ನೂ ನಲ್ಲಿ ತಿರುಗಿಸಿ ತೊಳೆದುಬಿಡುತ್ತೀಯಾ? ಅವಳು ಮೊದಲ ಸಲ ಅಂಗಡಿಗೆ ಬಂದದ್ದು ಅಂಗಿಯ ಒಂದು ಹರಿದ ತೋಳು ಹಿಡಿದುಕೊಂಡು. ಹೊಲಿಗೆಯವಳು; ಕೋಣೆಗೆ ಇದೇ ಬಣ್ಣ ಬೇಕು, ಒಂದು ಎಳೆ ಹೆಚ್ಚುಕಡಿಮೆಯಾದರೂ ವಾಪಸು ತರ್ತೀನಿ ಎಂದು ಜಗಳಕ್ಕೇ ನಿಂತಿದ್ದಳು. ಬಿಳಿಗೆ ಮೂರು ತೊಟ್ಟು ನೀಲಿ, ಅರ್ಧ ತೊಟ್ಟು ಕಪ್ಪು ಎಂದು ಅವನು ನೋಡಿದೊಡನೆ ಹೇಳಿದ. ಕಲಸಿ ತೋಳಿನ ಮೇಲೆಯೇ ಒಂದು ಚುಕ್ಕೆ ಇಟ್ಟ. ಒಣಗಿದ ಮೇಲೆ ಚುಕ್ಕೆ ಎಲ್ಲಿದೆ ಎಂದು ಅವಳಿಗೆ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಸೋತು ನಕ್ಕಳು. ಮದುವೆಯಾದ ಮೇಲೆ ದಿನಾ ಬೆಳಿಗ್ಗೆ ಅವಳು ತೊಟ್ಟ ಬಟ್ಟೆ ನೋಡಿ ತೊಟ್ಟಿನ ಲೆಕ್ಕ ಹೇಳುವುದು ಅವರಿಬ್ಬರ ಆಟವಾಯಿತು. ಆಟ ನಿಂತು ವರ್ಷವಾಗಿರಬೇಕು. ಮತ್ತೆ ‘ಇರಬೇಕು’. ಅವನಿಗೆ ತಟ್ಟನೆ ಆ ಪದವೇ ಅಸಹ್ಯವಾಗಿ, ಚೀಲ ಹಿಡಿದು ಎದ್ದ.

ಮೇಜಿನ ಹಿಂದೆ ಇದ್ದದ್ದು ವಯಸ್ಸಾದ ನರ್ಸು. ಅವನು ಎರಡು ಸೀಸೆಯನ್ನೂ ಅವಳ ಮುಂದಿಟ್ಟ. ಸುತ್ತ ಜನ ಇದ್ದರು. ಇದ್ದರೆ ಇರಲಿ.

“ಸಿಸ್ಟರ್, ಇದರಲ್ಲಿ ನೀಲಿ ಯಾವುದು?”

ನರ್ಸು ಅವನ ಅಂಗಿಯ ಮೇಲಿನ ಕಲೆಗಳನ್ನೂ ಮುಖವನ್ನೂ ನೋಡಿದಳು. “ಬಣ್ಣದ ಕೆಲಸದವರ ಥರ ಕಾಣ್ತೀರಿ. ನನ್ನನ್ನ ಕೇಳ್ತೀರಲ್ಲ?”

“ನನಗೆ ಕಾಣಲ್ಲ,” ಎಂದ ಅವನು. “ಬಹಳ ದಿನದಿಂದ ಕಾಣ್ತಿಲ್ಲ. ಯಾರಿಗೂ ಹೇಳಿಲ್ಲ. ಅವಳಿಗೆ ಮಾತ್ರೆ ಹಾಕೋನು ನಾನೇ.”

ಅವಳು ಒಂದು ಸೀಸೆ ಎತ್ತಿ ಅಲ್ಲಾಡಿಸಿದಳು, ಇನ್ನೊಂದನ್ನೂ ಅಲ್ಲಾಡಿಸಿದಳು. ಎರಡರಲ್ಲೂ ಎರಡೂ ಇದೆಯಲ್ಲ ಎಂದು ಮೆಲ್ಲಗೆ ಹೇಳಿ, ಅವನು ಕೂರಲೆಂದು ಕುರ್ಚಿ ತಳ್ಳಿ, ತಾನು ಎದ್ದು ಡಾಕ್ಟರ ಕಡೆ ಹೋದಳು. ಓಡಲಿಲ್ಲ, ಆದರೆ ಅವಳ ನಡಿಗೆ ನೋಡಿ ಅವನು ಆ ಕುರ್ಚಿಯಲ್ಲಿ ಕೂತುಬಿಟ್ಟ.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಡಾಕ್ಟರು ಬಂದು, ಇದನ್ನ ಮೊದಲೇ ಹೇಳಬೇಕಿತ್ತಲ್ವಾ ಎಂದಳು. ಹೇಳಬೇಕಿತ್ತು ಎಂದ ಅವನು. ಅವಳು ಇನ್ನೂ ಬೈಯಲಿ ಎಂದು ಕಾದ. ಅವಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ತುರ್ತಾಗಿ ತರಿಸಿದರು: ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿತ್ತು. ಸರದಿಯವರನ್ನು ಕೇಳಿಕೊಂಡು ಹೆಂಡತಿಯ ಮಂಚವನ್ನೇ ಮೊದಲು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಮಂಚ ಅವನ ಮುಂದೆ ಹಾದುಹೋಗುವಾಗ ಅವಳು, ಏನ್ರೀ, ಏನಾಯ್ತು, ನನಗೇನೂ ಆಗಿಲ್ಲ ಕಣ್ರೀ ಎಂದಳು. ಅವಳು ಅವನಿಗೆ ಸಮಾಧಾನ ಹೇಳುತ್ತಿದ್ದಳು. ಬಾಗಿಲು ಮುಚ್ಚಿತು. ಚೀಟಿ ಹಿಡಿದು ಬಂದ ನಾದಿನಿಗೆ ಅವನು ಎಲ್ಲ ಹೇಳಿದ, ಬೇಸಿನ್ನಿನ ಎಳೆಯಿಂದ ಹಿಡಿದು. ಅವಳು, ಭಾವ, ನೀವು ಮೊನ್ನೆ ನನ್ನ ಮನೆಗೆ ಕಾಲಿಗೊಂದು ಬಣ್ಣದ ಸಾಕ್ಸ್ ಹಾಕಿಕೊಂಡು ಬಂದಿದ್ರಿ, ಫ್ಯಾಷನ್ ಅಂದ್ಕೊಂಡೆ ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತರು. ಎಷ್ಟು ಹೊತ್ತೋ. ತಾನು ಈಗಷ್ಟೇ ಜನರೆದುರು ತನ್ನ ಮಾನ ಬಿಚ್ಚಿಟ್ಟದ್ದು ಅವನಿಗೆ ನೆನಪಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ತನ್ನ ಅಪ್ಪ ಹೇಳುತ್ತಿದ್ದದ್ದೂ ನೆನಪಾಯಿತು. ಮಾನ ಹೋದ ಜಾಗವನ್ನು ಮುಟ್ಟಿ ನೋಡಿಕೊಂಡರೆ, ಆಶ್ಚರ್ಯ, ಅಲ್ಲಿ ನೋವೇ ಇರಲಿಲ್ಲ. ನೋವೆಲ್ಲ ಆ ಬಾಗಿಲಿನಾಚೆ ಇತ್ತು.

ಬಾಗಿಲು ತೆರೆದಾಗ ಡಾಕ್ಟರು ನೇರ ಅವನ ಹತ್ತಿರ ಬಂದಳು.

“ಒಳಗೆ ಎಲ್ಲೂ ಸೋರಿಲ್ಲ. ನೆತ್ತಿ ಮೇಲೊಂದು ಬುಗುಟೆ ಎದ್ದಿದೆ, ಅಷ್ಟೆ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿಸಿದ. ಅವಳು ಇನ್ನೊಂದು ಸಲ ಹೇಳಿದಳು, ಬೇಸರವಿಲ್ಲದೆ. ಮಾತ್ರೆ ಸದ್ಯಕ್ಕೆ ನಿಲ್ಲಿಸಿದ್ದೇವೆ, ರಕ್ತ ತಾನಾಗಿ ಹದಕ್ಕೆ ಬರುತ್ತೆ, ಹೃದಯದ ಡಾಕ್ಟರ ಹತ್ತಿರವೂ ಮಾತಾಡಿದ್ದೇನೆ; ನಾಳೆವರೆಗೂ ಇಲ್ಲೇ ಇರಲಿ, ಇನ್ನೊಂದು ಸಲ ಸ್ಕ್ಯಾನ್ ಮಾಡಿ ನೋಡಿ ಕಳಿಸುತ್ತೇವೆ; ಹೊಸ ಮಾತ್ರೆ ಅದರ ಡಬ್ಬಿಯಲ್ಲೇ ಇರಬೇಕು; ಮತ್ತೆ ನೀವು, ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಪೊರೆ ಬಂದಿರೋ ಹಾಗಿದೆ, ಪೊರೆಯೇ ಆದರೆ ತೆಗೆದರಾಯಿತು. ತೆಗೆದರಾಯಿತು ಎಂದು ಅವಳು ಕೋಟಿನ ಗುಂಡಿ ಬಿಚ್ಚಿದಷ್ಟು ಸಲೀಸಾಗಿ ಹೇಳಿದಳು. ನಾದಿನಿ, ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಎಂದು ಕಣ್ಣೊರೆಸಿಕೊಂಡಳು. ಅವನು ಗೋಡೆಗೆ ಹಣೆ ಆನಿಸಿ ನಿಂತ. ಹೋದ ಜೀವ ಬಂದಂತೆ ಎನ್ನುತ್ತಾರಲ್ಲ, ಅವನಿಗೆ ಅದು ಕಾಲಿನ ಬೆರಳಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದು ಗೊತ್ತಾಯಿತು.

ಸಂಜೆ ವಾರ್ಡಿನಲ್ಲಿ ಅವಳ ಪಕ್ಕ ಸ್ಟೂಲಿನ ಮೇಲೆ ಕೂತು ಅವನೇ ಬಾಯಿಬಿಟ್ಟ. ಸೀಸೆಯ ವಿಷಯ, ಕಿಟಕಿಗೆ ಹಿಡಿದ ವಿಷಯ, ಬಲಗಡೆಯದು ಇರಬೇಕು ಎಂದುಕೊಂಡ ವಿಷಯ. ಹೇಳುವಾಗ ಅವಳ ಮುಖ ನೋಡಲಾಗದೆ ಮಂಚದ ಸರಳು ನೋಡುತ್ತಿದ್ದ. ನಿನ್ನನ್ನು ಕೊಂದೇ ಬಿಡ್ತಿದ್ದೆ, ಮಾನಕ್ಕೆ ಹೆದರಿ, ಎಂದ. ಅವಳು ಕೋಪ ಮಾಡಿಕೊಳ್ಳುತ್ತಾಳೆ, ಮಾಡಿಕೊಳ್ಳಲಿ ಎಂದು ಕಾಯುತ್ತಿದ್ದ. ಅವಳ ಎದೆಯ ಟಕ್ ಟಕ್ ಕೇಳುತ್ತಿತ್ತು. ಕೊನೆಗೆ ಅವಳು ಕೇಳಿದ್ದು ಅವನು ಕಾಯುತ್ತಿದ್ದ ಮಾತೇ ಅಲ್ಲ.

“ಬೆಳಿಗ್ಗೆ ನನ್ನ ಬಟ್ಟೆ ನೋಡಿ ಬಣ್ಣ ಹೇಳೋದು ಬಿಟ್ರಲ್ಲ. ಅದೂ ಇದಕ್ಕೇನಾ?”

“ತಪ್ಪು ಹೇಳಿಬಿಡ್ತೀನೇನೋ ಅಂತ.”

“ದಾರ ತೋರಿಸಿದ್ರೆ ಯಾವುದಾದ್ರೂ ಹಾಕು ಅಂತಿದ್ರಲ್ಲ?”

“ಅದೂ.”

ಅವಳು ಮುಖ ಆ ಕಡೆ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ತಲೆ ನೋವು ಜಾಸ್ತಿಯಾಯಿತೇ ಎಂದು ಅವನು ಗಾಬರಿಯಿಂದ ಎದ್ದರೆ, ಅವಳು ಅಳುತ್ತಲೇ ನಗುತ್ತಿದ್ದಳು. “ಒಂದು ವರ್ಷದಿಂದ ನಾನು ಏನೇನು ಅಂದ್ಕೊಂಡಿದ್ದೀನಿ ಗೊತ್ತಾ? ಎದೆ ಕುಯ್ಯಿಸಿಕೊಂಡೋಳು, ವಯಸ್ಸಾಯ್ತು, ಇವಳನ್ನ ನೋಡಿ ನೋಡಿ ಇವರಿಗೆ ಸಾಕಾಗಿದೆ ಅಂತ. ದಿನಾ ಕನ್ನಡಿ ಮುಂದೆ ನಿಂತು ಬಟ್ಟೆ ಬದಲಾಯಿಸಿದೆ ಕಣ್ರೀ. ಹೊಸದು ಹೊಲಿದು ಹಾಕ್ಕೊಂಡೆ. ನೀವು ಪೇಪರಿಂದ ತಲೆ ಎತ್ತಲಿಲ್ಲ. ಬರೀ ಕಣ್ಣಾ?” ಅವಳು ಅವನ ಮೊಣಕೈ ಹಿಡಿದು ಅಲ್ಲಾಡಿಸಿದಳು. “ಬರೀ ಕಣ್ಣು!”

ಮಾತ್ರೆ ಅದಲುಬದಲು ಮಾಡಿದ್ದಕ್ಕೆ ಮನೆಗೆ ಬಂದ ಮೇಲೆ ವಿಚಾರಿಸಿಕೊಳ್ಳುತ್ತೇನೆ, ಅದು ಬೇರೆ ಬಾಕಿ ಎಂದಳು. ಮೂಗೊರೆಸಿಕೊಂಡು, ದಿಂಬಿಗೆ ಒರಗಿ, ಆಸ್ಪತ್ರೆಯವರು ತೊಡಿಸಿದ್ದ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಹೇಳಿ ನೋಡೋಣ. ಅವನು ತೋಳನ್ನು ಕಿಟಕಿಯ ಬೆಳಕಿಗೆ ಎಳೆದು, ಕನ್ನಡಕ ಮೇಲೆ ಮಾಡಿ, ಬಹಳ ಹೊತ್ತು, ಹಳೆಯ ಶ್ರದ್ಧೆಯಿಂದಲೇ ನೋಡಿದ.

“ಬಿಳಿಗೆ ಎರಡು ತೊಟ್ಟು ಹಳದಿ,” ಎಂದ. “ಅರ್ಧ ತೊಟ್ಟು ಕಪ್ಪು.”

“ತಪ್ಪು,” ಎಂದಳು, ತುಂಬಾ ಖುಷಿಯಿಂದ. “ನೀಲಿ.”

ಅವನೂ ನಕ್ಕ. ಪಕ್ಕದ ಮಂಚದವರು ತಿರುಗಿ ನೋಡಿದರು. ಹೊದಿಕೆಯ ಅಂಚನ್ನು ಅವಳು ಅವನ ಕೈಗೆ ಕೊಟ್ಟಳು. ತಪ್ಪಾದರೂ ಪರವಾಗಿಲ್ಲ, ನಿಲ್ಲಿಸಬೇಡಿ ಎಂದಳು. ಅವನು ಹೊದಿಕೆ ನೋಡಿದ, ಪರದೆ ನೋಡಿದ, ಅವಳ ತೋಳಿನ ಮೇಲಿನ ಕಲೆಯನ್ನೂ ನೋಡಿದ; ಒಂದೊಂದಕ್ಕೂ ತೊಟ್ಟಿನ ಲೆಕ್ಕ ಹೇಳುತ್ತಾ ಹೋದ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು; ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ.